ನೂರು ಲಾಳಿಯ ಅಂದಪ್ಪ

ಭಾಗ್ಯನಗರದ ನೇಕಾರ ಅಂದಪ್ಪನ ಬಾಯಿಂದ ಯಾವುದೇ ಸಂಭಾಷಣೆಯ ಮೊದಲ ಮಾತಾಗಿ ಹೊರಬೀಳುವುದು 'ಸುಳ್ಳು' ಎಂಬ ಒಂದೇ ಪದ. ಬಿಸಿಲು ಭಾಳ ಐತಿ ಎಂದರೆ ಸುಳ್ಳು, ಮೋಡ ಆಗೈತಿ ಎಂದರೂ ಸುಳ್ಳು. ಎರಡೂ ಸುಳ್ಳಾದ ಮೇಲೆ ಆಕಾಶದಲ್ಲಿ ಉಳಿಯುವುದೇನು ಎಂದು ಕೇಳಿದವರಿಗೆ, ಆಕಾಶವೆಂಬುದೇ ಎಲ್ಲಕ್ಕಿಂತ ದೊಡ್ಡ ಸುಳ್ಳು ಎಂದು ಸಿದ್ಧಾಂತ ಮಂಡಿಸುವಷ್ಟು ವಿದ್ವತ್ತು ಅವನಲ್ಲಿದೆ. ಒಮ್ಮೆ ಕೊಪ್ಪಳದಿಂದ ವಿಳಾಸ ಹುಡುಕಿಕೊಂಡು ಬಂದ ಯಾರೋ ಪಾಪದವರು ಬಾಗಿಲಲ್ಲಿ ನಿಂತು "ಅಂದಪ್ಪನವರ ಮನಿ ಇದೇನ್ರಿ?" ಎಂದು ಕೇಳಿದ್ದಕ್ಕೆ, "ಸುಳ್ಳು. ಮನಿ ನಮ್ಮಪ್ಪಂದು, ನಾ ಇರಾಕತ್ತೀನಿ ಅಷ್ಟ" ಎಂದು ಮಗ್ಗದಿಂದಲೇ ಉತ್ತರ ಕೊಟ್ಟು, ಬಂದವರು ಬೆಪ್ಪಾಗಿ ಮುಂದಿನ ಮನೆಗೆ ಹೋಗುವವರೆಗೂ ಕೈ ನಿಲ್ಲಿಸಲಿಲ್ಲ. ಅವನ ಹೆಂಡತಿ ಹಂಪವ್ವ ಮದುವೆಯಾದ ಹೊಸತರಲ್ಲಿ ಈ ಶಬ್ದ ಕೇಳಿ ಅಳುತ್ತಿದ್ದಳಂತೆ, ಆಮೇಲಾಮೇಲೆ ಸಿಟ್ಟಾಗುತ್ತಿದ್ದಳಂತೆ. ಈಗ ಅದನ್ನು ಮಗ್ಗದ ಲಟಪಟದ ಜೊತೆಗೇ ಸೇರಿಸಿ ಕಿವಿಯಿಂದ ಆಚೆಗೆ ಇಟ್ಟುಬಿಟ್ಟಿದ್ದಾಳೆ.

ಅವನ ನಡಿಗೆಯಾದರೂ ಮನುಷ್ಯರದಲ್ಲ. ಹಗಲೆಲ್ಲ ನೆಲದಲ್ಲಿ ತೋಡಿದ ಮಗ್ಗದ ಕುಣಿಗೆ ಕಾಲು ಇಳಿಬಿಟ್ಟು, ಹಲಗೆ ತುಳಿಯುತ್ತ ಕೂಡುವವನಾದ್ದರಿಂದ, ಬೀದಿಯಲ್ಲಿ ನಡೆಯುವಾಗಲೂ ಅವನ ಪಾದ ತುಳಿಯಲಿಕ್ಕೆ ಏನಾದರೊಂದನ್ನು ಹುಡುಕುತ್ತದೆ. ಬಲಗಾಲು ಇಟ್ಟು, ಒತ್ತಿ, ಕ್ಷಣಹೊತ್ತು ಕಾದು, ಭೂಮಿ ಕೆಳಗಿಳಿಯಲಿಲ್ಲವೆಂದು ಖಾತ್ರಿಯಾದ ಮೇಲಷ್ಟೇ ಎಡಗಾಲು ಏಳುತ್ತದೆ. ಅವನು ಹೊಸ್ತಿಲು ದಾಟಿ ಓಣಿಯ ತುದಿಯ ಚಹದಂಗಡಿ ಮುಟ್ಟುವಷ್ಟರಲ್ಲಿ, ಹುಬ್ಬಳ್ಳಿಯಲ್ಲಿ ರೈಲು ಹತ್ತಿದವರು ಗುಂತಕಲ್ಲಿನಲ್ಲಿ ಇಳಿದು ಸ್ನಾನ ಮುಗಿಸಿರುತ್ತಾರೆ. ಮೈಮೇಲೆ ಮಾವ ಮದುವೆಗೆ ಹೊಲಿಸಿಕೊಟ್ಟ ಕರಿಯ ಕೋಟು. ಗುಡ್ಡದ ಬಂಡೆಗಳೇ ನೆರಳು ಕೇಳಿಕೊಂಡು ಊರೊಳಗೆ ಬರುವಂತಹ ನಮ್ಮ ಬೇಸಿಗೆಯಲ್ಲೂ ಅದರ ಗುಂಡಿ ಕುತ್ತಿಗೆಯವರೆಗೆ ಹಾಕಿರುತ್ತದೆ. ಅದರ ಕಿಸೆಗಳಲ್ಲಿ ಅವನು ಎಂದೂ ಬಿಸಾಡದ ತುಂಡುನೂಲುಗಳು ಗಂಟುಗಂಟಾಗಿ ತುಂಬಿದ್ದು, ಇಲಿಯೊಂದು ಅಲ್ಲಿ ಸಂಸಾರ ಹೂಡಿ, ಮಕ್ಕಳ ಮದುವೆ ಮಾಡಿ, ಮೊಮ್ಮಕ್ಕಳನ್ನು ತೊಟ್ಟಿಲಿಗೆ ಹಾಕಿ ಹೋದರೂ ಅವನಿಗೆ ಗೊತ್ತಾಗುವ ಸಂಭವವಿಲ್ಲ.

ನೇಯುವುದರಲ್ಲಿ ಅವನು ಗಟ್ಟಿಗನೇ, ಸಂದೇಹ ಬೇಡ. ಆದರೆ ನೇಯುವುದಕ್ಕಿಂತ ಬಿಚ್ಚುವುದರಲ್ಲಿ ಅವನ ಆಸಕ್ತಿ ಹೆಚ್ಚು. ಒಂದೆಳೆ ಒರಟಾಯಿತೆಂದು ಒಂದು ಗೇಣು, ಗೇಣು ಬಿಚ್ಚುವಾಗ ಮನಸ್ಸು ಕೆಟ್ಟಿತೆಂದು ಒಂದು ಮೊಳ; ಹೀಗೆ ಅವನ ಮಗ್ಗದಲ್ಲಿ ಇಳಕಲ್ಲ ಸೀರೆಯೊಂದು ಹುಟ್ಟಿ, ಸತ್ತು, ಮತ್ತೆ ಹುಟ್ಟಿ, ಹಲವು ಜನ್ಮಗಳ ಪುಣ್ಯವಿದ್ದರೆ ಮಾತ್ರ ಅಂಗಡಿಯ ಮುಖ ಕಾಣುತ್ತದೆ. ಆ ಮಗ್ಗದ ಬಳಿ ಇನ್ನೊಬ್ಬರು ಸುಳಿಯುವಂತಿಲ್ಲ. ಒಂದೇ ಹಾಸಿನ ಮೇಲೆ ಎರಡು ಉಸಿರು ಬಿದ್ದರೆ ನೂಲು ಗಲಿಬಿಲಿಯಾಗುತ್ತದೆ ಎಂಬುದು ಅವನ ಶಾಸ್ತ್ರ. ಎಲ್ಲಿ ಬರೆದಿದೆ ಎಂದು ಕೇಳಿದರೆ, ಬರೆದದ್ದೆಲ್ಲ ಸುಳ್ಳು. ಹಂಪವ್ವನಾದರೋ ದೋಟಿಹಾಳದ ನೇಕಾರರ ಮಗಳು, ತವರಿನಲ್ಲಿ ಅಪ್ಪನ ಪಕ್ಕದ ಮಗ್ಗದಲ್ಲಿ ಕೂತು ಸರಿಸಮಕ್ಕೆ ನೇಯ್ದವಳು. ಗಂಡನ ಮನೆಗೆ ಬಂದವಳಿಗೆ "ನೀ ಕಂಡಿಕಿ ಸುತ್ತು" ಎಂದು, ರಾಟೆಯಲ್ಲಿ ಲಾಳಿಯ ಕೊಳವೆಗೆ ನೂಲು ತುಂಬುವ ಅಪ್ಪಣೆಯಾಯಿತು. ಅಂದಿನಿಂದ ಅವಳು ಸುತ್ತಿಕೊಟ್ಟ ನೂಲನ್ನು ಒಟ್ಟಾಗಿ ಹೊಸೆದರೆ, ಕೊಪ್ಪಳದ ಕೋಟೆಗೆ ಬಳಸು ಹಾಕಿ, ಉಳಿದದ್ದರಲ್ಲಿ ಗಂಗಾವತಿಯ ಅಕ್ಕಿ ಗಿರಣಿಗಳನ್ನೆಲ್ಲ ಒಂದಕ್ಕೊಂದು ಕಟ್ಟಿ ಎಳೆದುಕೊಂಡು ಬರಬಹುದು.

ಭಾಗ್ಯನಗರದ ಓಣಿಗಳಲ್ಲಿ ಮಗ್ಗದ ಸದ್ದು ಈಗ ಅಲ್ಲೊಂದು ಇಲ್ಲೊಂದು. ಹೆಂಗಸರು ಬಾಚಿ ಉದುರಿಸಿದ ಸಿಕ್ಕುಗೂದಲು ಊರೂರಿನಿಂದ ಚೀಲಗಟ್ಟಲೆ ಬಂದು ಇಲ್ಲಿ ಸೇರುತ್ತದೆ, ಇಲ್ಲಿಂದ ಬರ್ಮಾಕ್ಕೆ ಹೋಗುತ್ತದೆ, ಅಲ್ಲಿಯ ಹೆಂಗಸರು ಅದರ ಸಿಕ್ಕು ಬಿಡಿಸುತ್ತಾರೆ. ಊರಿಗೆ ಊರೇ ಕೂದಲಿನಿಂದ ಅನ್ನ ಕಂಡುಕೊಂಡಿರುವಾಗ, ಬಳಪ ಮುಟ್ಟದ ಪಾಟಿಯಂತೆ ನುಣ್ಣಗಿರುವ ತಲೆಯನ್ನು ಹೊತ್ತ ಅಂದಪ್ಪ ಮಾತ್ರ ಈ ಉದ್ಯಮಕ್ಕೆ ಒಂದೆಳೆಯ ಉಪಕಾರವನ್ನೂ ಮಾಡದೆ ತನ್ನ ಕುಣಿಯಲ್ಲಿ ಕೂತಿದ್ದಾನೆ. ಅವನ ತಂಗಿ ದ್ರಾಕ್ಷಾಯಿಣಿಯ ಮಗ ಕನಕರಾಜ ಈ ಕೂದಲಿನ ಬೆನ್ನು ಹತ್ತಿಯೇ ಮಂಡಾಲೆಯ ಕಡೆ ಹೋಗಿ ನೆಲೆನಿಂತವನು. ಅಲ್ಲಿ ಕೂದಲು ಬಿಡಿಸುವ ಗೋದಾಮಿನಲ್ಲಿ ಮೇಲ್ವಿಚಾರಣೆ ನೋಡುವ ಖಿನ್ ಮ್ಯಾ ಎಂಬ ಹುಡುಗಿಯೊಡನೆ ಅವನ ಮನಸ್ಸೇ ಸಿಕ್ಕುಬಿದ್ದಿತು. ದ್ರಾಕ್ಷಾಯಿಣಿ ಮೊದಲು ಅನ್ನ ಬಿಟ್ಟಳು, ಆಮೇಲೆ ಫೋನಿನಲ್ಲಿ ಹುಡುಗಿಯ ಮುಖ ನೋಡಿ ಅನ್ನ ಹಿಡಿದಳು, ಆಮೇಲೆ ಅದೇ ಫೋನನ್ನು ಹಿಡಿದುಕೊಂಡು ಓಣಿಯಲ್ಲೆಲ್ಲ ತಿರುಗಿದಳು. ಊರಿನ ಹೆಂಗಸರು ಸೊಸೆಗೆ ಕಿನ್ನಮ್ಮ ಎಂದು ಹೆಸರಿಟ್ಟು ಮದುವೆಗೆ ಮುಂಚೆಯೇ ಮನೆತುಂಬಿಸಿಕೊಂಡರು.

ಆ ದೇಶದಲ್ಲಿ ಈಗ ಗುಂಡಿನ ಸದ್ದಿನ ಕಾಲ. ಹುಡುಗಿಯ ತಾಯಿಗೆ ಇಲ್ಲಿಯವರೆಗೆ ಬರುವ ದಾರಿಯಿಲ್ಲ. ಅವಳು ಬೀಗರಲ್ಲಿ ಬೇಡಿಕೊಂಡದ್ದು ಒಂದನ್ನೇ: ತಲೆಯ ಮೇಲೆ ಅಕ್ಕಿಕಾಳು ಬೀಳುವ ಹೊತ್ತಿನಲ್ಲಿ ಮಗಳು ತಮ್ಮ ಕಡೆಯ ಅಲೆಯ ರೇಷ್ಮೆ ಉಟ್ಟು ನಿಂತಿರಬೇಕು, ಅದನ್ನು ತಾನು ಫೋನಿನಲ್ಲಾದರೂ ನೋಡಬೇಕು.

ಕನಕರಾಜ ಮದುವೆಯ ಮಾತಿಗೆಂದು ಊರಿಗೆ ಬಂದವನು, ಆ ತಾಯಿಯ ಮದುವೆಯ ಉಡುಪಿನಿಂದ ಕತ್ತರಿಸಿ ಕಳಿಸಿದ ಒಂದು ತುಂಡನ್ನು ಸೋದರಮಾವನ ಮುಂದೆ ಬಿಡಿಸಿದ. ಗುಲಾಬಿ, ಎಲೆಹಸಿರು, ಹೊಂಬಣ್ಣದ ಅಲೆಗಳು ಒಂದರ ಬೆನ್ನನ್ನೊಂದು ಏರಿ, ತುಂಗಭದ್ರೆಯ ಆಣೆಕಟ್ಟಿನ ಬಾಗಿಲು ತೆಗೆದಾಗ ನೀರು ಹೊರಳುವಂತೆ ಹೊರಳುತ್ತಿದ್ದವು.

"ಇದಕ್ಕ ಥಮೇನ್ ಅಂತಾರ ಮಾವಾ. ನಮ್ಮ ಲುಂಗಿ ಇದ್ದಂಗ ಹೆಣ್ಮಕ್ಕಳು ಸೊಂಟಕ್ಕ ಸುತ್ತಿಕೋತಾರ. ಮ್ಯಾಲ ಒಂದು ಕುಪ್ಪಸ. ರಂಗೂನಿನಾಗ ಒಂದು ಹೊಸಾದು ಹೇಳಿ ಇಟ್ಟೀನಿ, ಆಕಿ ಬರುವಾಗ ತರ್ತಾಳ. ನಿಮಗ ತೋರಿಸೋಣಂತ ತಂದೆ ಅಷ್ಟ."

ಅಂದಪ್ಪ ತುಂಡನ್ನು ತಿರುವಿ ನೋಡಿದ, ಮೂಸಿದ, ಅಂಚಿನ ಎಳೆಯೊಂದನ್ನು ಹಲ್ಲಿನಲ್ಲಿ ಕಚ್ಚಿದ.

"ಎಷ್ಟು ಲಾಳಿ?"

"ನೂರು. ನೂರು ಲಾಳಿ ನೇಯ್ಗಿ ಅಂತನ ಅದರ ಹೆಸರು. ಒಂದೊಂದು ಬಣ್ಣದ ತುಣುಕಿಗೂ ಒಂದೊಂದು ಸಣ್ಣ ಲಾಳಿ."

"ಸುಳ್ಳು. ನೂರು ಬೇಕಾಗಂಗಿಲ್ಲ." ತುಂಡು ಕೋಟಿನ ಕಿಸೆಗೆ ಹೋಯಿತು. "ರಂಗೂನಿಗೆ ಫೋನ್ ಹಚ್ಚು. ಬ್ಯಾಡ ಅನ್ನು."

"ಮಾವಾ!"

"ಸೋದರಮಾವ ನೇಕಾರ ಇದ್ದು, ಸೊಸಿ ಅಂಗಡಿ ಅರಿವಿ ಉಟ್ಟು ನಿಂತ್ರ, ಮಂದಿ ನಾ ಸತ್ತೀನಂತ ತಿಳಕೊಂಡು ಮಾಲಿ ತರ್ತಾರ. ಮದುವಿ ಆಯೇರಿ, ಉಡುಗೊರಿ, ನಂದು. ನಾ ನೇಯ್ತೀನಿ."

ಹಂಪವ್ವ ಒಳಗಿನಿಂದ ಓಡಿ ಬಂದಳು. ಈ ಮನುಷ್ಯನ ಕೈಗೆ ಮದುವೆಯೊಂದನ್ನು ಕೊಡುವುದೆಂದರೆ ಎಮ್ಮೆಯ ಕೊರಳಿಗೆ ಗಡಿಯಾರ ಕಟ್ಟಿ ವೇಳೆ ಕೇಳಿದಂತೆ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? "ಏನ್ರಿ, ಅದೂ ಬರಲಿ, ನಿಮ್ಮದೂ ಆಗಲಿ. ಆ ಹುಡುಗಿ ಅವ್ವನ್ನ ಬಿಟ್ಟು ಬರಾಕತ್ತೈತಿ, ನಿಮ್ಮದು ಹೊತ್ತಿಗಿ ಆಗ್ಲಿಲ್ಲಂದ್ರ ಏನು ಉಟ್ಟು ನಿಂದರ್ಬೇಕು?"

"ಎರಡಿದ್ರ ನಂದನ್ನ ಟ್ರಂಕಿನಾಗ ಇಡ್ತೀರಿ. ನನಗೇನು ತಿಳಿಯಂಗಿಲ್ಲ?"

ಅವನು ಹೊಸ್ತಿಲಿಗೆ ಅಡ್ಡ ಕೂತ. ಕನಕರಾಜ ರಂಗೂನಿಗೆ ಫೋನು ಮಾಡಿ, ಬರ್ಮಾ ಭಾಷೆಯಲ್ಲಿ ಬೇಡವೆಂದು ಹೇಳಿ, ಅದನ್ನು ಹಿಂದಿಯಲ್ಲಿ ಇನ್ನೊಮ್ಮೆ, ಕನ್ನಡದಲ್ಲಿ ಮತ್ತೊಮ್ಮೆ ಹೇಳಿ ತೋರಿಸುವವರೆಗೂ ಏಳಲಿಲ್ಲ.

ಮರುದಿನದಿಂದ ಹಿತ್ತಲಿನ ಬೇವಿನ ಗಿಡಕ್ಕೆ ಗ್ರಹಚಾರ ಹಿಡಿಯಿತು. ಸಣ್ಣ ಲಾಳಿಗಳನ್ನು ಕೆತ್ತಲು ಅಂದಪ್ಪ ಅದರ ರೆಂಬೆಗಳನ್ನು ಒಂದೊಂದಾಗಿ ಕಡಿದ. ಅಲ್ಲಿ ಕೂಡುತ್ತಿದ್ದ ಕಾಗೆಗಳು ಬೇಸತ್ತು ಯಲಬುರ್ಗಾಕ್ಕೆ ವಲಸೆ ಹೋದವು. ನೂರು ಲಾಳಿಯ ನೇಯ್ಗೆಗೆ ಅವನು ಕೆತ್ತಿದ್ದು ತೊಂಬತ್ತೊಂಬತ್ತು. ನೂರನೆಯದನ್ನು ಕೆತ್ತಿದರೆ ಬರ್ಮಾದವರ ಮಾತು ಖರೆಯಾಗಿಬಿಡುತ್ತದಲ್ಲ! ಇಳಕಲ್ಲಿನಿಂದ ರೇಷ್ಮೆ ತಂದ, ಹಾಸು ಹೂಡಿದ, ಕುಣಿಗಿಳಿದ. ಬೆಳಗಿನಿಂದ ಬಾಗಿ ಬಾಗಿ ಒಂದೊಂದು ಲಾಳಿಯನ್ನೂ ಅದರದರ ಬಣ್ಣದ ಗಡಿಯವರೆಗೆ ಒಯ್ದು, ಪಕ್ಕದ ಎಳೆಗೆ ಕೊಂಡಿ ಹಾಕಿ, ಹಿಂದಿರುಗಿಸಿ, ಒಂದು ಸಾಲು ಮುಗಿಯುವಷ್ಟರಲ್ಲಿ ಒಲೆಯ ಮೇಲೆ ಎರಡನೆಯ ಹೊತ್ತಿನ ರೊಟ್ಟಿ ಬೇಯುತ್ತಿತ್ತು. ಒಂದು ಗೇಣು ಆಗುವ ಹೊತ್ತಿಗೆ ಶ್ರಾವಣ ಹೋಗಿ ದಸರೆ ಬಂದಿತ್ತು, ಮತ್ತು ಬಟ್ಟೆಯ ಮೇಲೆಲ್ಲ ಎಳೆಗಳ ತುದಿಗಳು ಎದ್ದು ನಿಂತು, ಗುಲಾಬಿ ಬಣ್ಣದ ಮುಳ್ಳುಹಂದಿಯೊಂದು ಮಗ್ಗದಲ್ಲಿ ಮಲಗಿದಂತೆ ಕಾಣುತ್ತಿತ್ತು.

ಕನಕರಾಜನಿಗೆ ಫೋನು ಹೋಯಿತು. ಅವನು ಅಲ್ಲಿಯವರನ್ನು ವಿಚಾರಿಸಿ ಹೇಳಿದ: ಬಟ್ಟೆಯ ಬೆನ್ನು ಮೇಲಕ್ಕೆ, ಮುಖ ಕೆಳಕ್ಕೆ ಮಾಡಿ ನೇಯಬೇಕಂತೆ. ನೇಯುವವರಿಗೆ ಕಾಣುವುದು ಬೆನ್ನೇ.

"ಸುಳ್ಳು. ಮಾರಿ ನೋಡದ ಯಾರರ ನೇಯ್ತಾರ?" ಎಂದವನು ಇಡೀ ಒಂದು ದಿನ ಮುನಿಸಿಕೊಂಡು, ಮರುದಿನ ಇಡೀ ಗೇಣನ್ನು ಬಿಚ್ಚಿ, ಬೆನ್ನು ಮೇಲೆ ಮಾಡಿ ಶುರು ಮಾಡಿದ. ಆದರೆ ಕಾಣದ್ದನ್ನು ನಂಬುವ ಜಾತಿ ಅವನದಲ್ಲ. ಗೋಡೆಯ ಮೇಲಿದ್ದ ಹಂಪವ್ವನ ಕನ್ನಡಿಯನ್ನು ಕಿತ್ತು ಕುಣಿಯೊಳಗೆ ತೊಡೆಯ ಮೇಲೆ ಇಟ್ಟುಕೊಂಡ, ಪ್ರತಿ ಎಳೆಗೂ ಬಗ್ಗಿ ಕೆಳಗಿನ ಮುಖವನ್ನು ಅದರಲ್ಲಿ ನೋಡಿಕೊಳ್ಳತೊಡಗಿದ. ಅಂದಿನಿಂದ ಹಂಪವ್ವನ ಕುಂಕುಮ ಒಂದು ದಿನ ಹುಬ್ಬಿನ ಮೇಲೆ, ಒಂದು ದಿನ ಮೂಗಿನ ಬುಡದಲ್ಲಿ, ಹೀಗೆ ಮುಖದ ತುಂಬ ಸಂಚಾರ ಮಾಡತೊಡಗಿತು. ನೀರಿಗೆ ಹೋದಲ್ಲಿ ಹೆಂಗಸರು "ಏನ್ ಹಂಪಕ್ಕ, ಇವತ್ತು ಕುಂಕುಮ ಕುಷ್ಟಗಿ ಕಡೆ ಹೊಂಟೈತಲ್ಲ" ಎಂದು ನಗುವರು. ಅವಳು ಮನೆಗೆ ಬಂದು ಕೊಡ ಕುಕ್ಕುವಳು. ಅವನು ಕುಣಿಯಿಂದ ತಲೆ ಎತ್ತದೆ, "ಸದ್ದು ಮಾಡಬ್ಯಾಡ, ಅಲಿ ಹೆದರತಾವ" ಎನ್ನುವನು.

ಒಬ್ಬನ ತೋಳು ಎಷ್ಟೆಂದರೂ ಒಬ್ಬನ ತೋಳು. ಎಡಗಡೆ ಬಿಗಿಯಾಗಿ ಎದ್ದ ಅಲೆ ಬಲಗಡೆಗೆ ಮುಟ್ಟುವಷ್ಟರಲ್ಲಿ ಸೋತು ಸಡಿಲವಾಗಿ, ಹೊಳೆಯೊಂದು ಕಾಲುವೆಯಾಗಿ, ಕಾಲುವೆ ಚರಂಡಿಯಾಗಿ ಮುಗಿಯುತ್ತಿತ್ತು. ಅವನು ಬಿಚ್ಚುವನು, ನೇಯುವನು, ಮತ್ತೆ ಬಿಚ್ಚುವನು. ಕನಕರಾಜ ಸಹಿಸಲಾರದೆ ಅಲ್ಲಿಯ ನೇಯ್ಗೆಯ ಒಂದು ವೀಡಿಯೊ ಕಳಿಸಿದ. ದ್ರಾಕ್ಷಾಯಿಣಿ ಅದನ್ನು ತಂದು ಅಣ್ಣನ ಮೂಗಿನ ಮುಂದೆ ಹಿಡಿದಳು. ಒಂದೇ ಮಗ್ಗದ ಮುಂದೆ ಇಬ್ಬರು ಹೆಂಗಸರು ಮೈಗೆ ಮೈ ತಾಗಿಸಿ ಕೂತು, ಏನೋ ಮಾತಾಡಿ ನಗುತ್ತ, ಇವಳ ಲಾಳಿ ಅವಳಿಗೆ, ಅವಳ ಲಾಳಿ ಇವಳಿಗೆ ದಾಟಿಸುತ್ತಿದ್ದರು.

"ನೋಡಣ್ಣಾ, ಇಬ್ಬರು ಬೇಕು ಇದಕ್ಕ. ಹಂಪವ್ವ ವೈನಿನ್ನ ಕರಕೋ."

ಅಂದಪ್ಪ ವೀಡಿಯೊವನ್ನು ಮೂರು ಸಲ ನೋಡಿದ. "ಇಬ್ಬರು ಯಾಕ ಅದಾರ ಗೊತ್ತೈತೇನು? ಒಬ್ಬೊಬ್ಬಾಕಿ ಅರ್ಧರ್ಧ ಕಲ್ತಾಳ. ಪೂರ್ತಿ ಕಲ್ತವಗ ಜೋಡಿ ಎದಕ್ಕ?"

ಬಾಗಿಲಲ್ಲಿ ನಿಂತಿದ್ದ ಹಂಪವ್ವ ಹೇಳಿದಳು: "ಕರದ್ರೂ ಬರಂಗಿಲ್ಲ ತಗೋ ದ್ರಾಕ್ಷಾಯಿಣಿ. ನನ್ನ ಉಸಿರು ನಿಮ್ಮಣ್ಣನ ನೂಲಿಗಿ ವಿಷ. ಅದೇ ಉಸಿರಿಲೆ ಒಲಿ ಊದಿ ಮಾಡಿದ ರೊಟ್ಟಿ ಮಾತ್ರ ಅಮೃತ."

ಮದುವೆಗೆ ಕೆಲವು ವಾರಗಳಿರುವಾಗ ಖಿನ್ ಮ್ಯಾ ಬಂದಿಳಿದಳು. ಗೋಧಿ ಬಣ್ಣದ, ಸಣ್ಣ ಮೈಕಟ್ಟಿನ, ಕೆನ್ನೆಗೆ ಮರದ ತೊಗಟೆ ತೇಯ್ದ ಗಂಧ ಹಚ್ಚಿಕೊಂಡ ಹುಡುಗಿ. ಗೋದಾಮಿಗೆ ಬರುತ್ತಿದ್ದ ನಮ್ಮ ಕಡೆಯ ವ್ಯಾಪಾರಿಗಳಿಂದ ಕಲಿತ ನಾಲ್ಕು ಕನ್ನಡದ ಮಾತು ಅವಳ ಬಳಿ ಇದ್ದವು. ಅದರಲ್ಲಿ ಒಂದು ಕೂದಲಿಗೆ ಸಂಬಂಧಿಸಿದ್ದು, ಒಂದು ಬೈಗುಳ, ಅದು ಬೈಗುಳವೆಂದು ಅವಳಿಗೆ ಗೊತ್ತಿರಲಿಲ್ಲ. ಕನಕರಾಜ ಅವಳನ್ನು ಮಾವನ ಮನೆಗೆ ಕರೆತಂದ. ಮಗ್ಗದ ಮೇಲೆ ಆಗ ಇದ್ದದ್ದು ಕರ್ಚೀಫಿನಷ್ಟು ಅಲೆ. ಹುಡುಗಿ ಬಗ್ಗಿ ನೋಡಿದಳು. ಆ ಪುಟ್ಟ ತುಂಡಿನ ಮೇಲೆ ಅಂಗೈಯಿಟ್ಟು, ಅಷ್ಟೇ ಎಂದು ತಿಳಿದ ಮೇಲೂ ಇನ್ನೆಲ್ಲಾದರೂ ಉಳಿದದ್ದು ಇದ್ದೀತೇ ಎಂಬಂತೆ ನೇಯ್ದ ಬಟ್ಟೆ ಸುತ್ತಿಕೊಳ್ಳುವ ಮಗ್ಗದ ಅಡಿಯ ಮರದವರೆಗೆ ಕಣ್ಣಾಡಿಸಿ, ಕೈ ಹಿಂದಕ್ಕೆ ತೆಗೆದುಕೊಂಡಳು.

"ಛಲೋ ಐತಿ" ಎಂದಳು. ಎಂದು, ಹಿತ್ತಲಿಗೆ ಹೋಗಿ ಬೋಳು ಬೇವಿನ ಗಿಡಕ್ಕೆ ಮುಖ ಮಾಡಿ ನಿಂತಳು.

ಹಂಪವ್ವ ಅವಳ ಬೆನ್ನನ್ನು ನೋಡಿದಳು. ತಾನೂ ಹೀಗೇ ಒಂದು ದಿನ, ಇದೇ ಹಿತ್ತಲಿನಲ್ಲಿ, ಕಂಡಿಕೆಯ ರಾಟೆ ಕೈಗೆ ಬಂದ ದಿನ, ಛಲೋ ಐತಿ ಎಂದು ಎಲ್ಲರಿಗೂ ಹೇಳಿ ಬಂದು ನಿಂತಿದ್ದು ಅವಳಿಗೆ ನೆನಪಾಯಿತು. ಹುಡುಗಿ, ಕನಕರಾಜ ಹೋದ ಮೇಲೆ ಅವಳು ರಾಟೆಯನ್ನು ಎತ್ತಿ ಗಂಡನ ಎದುರಿಗೆ ತಂದಿಟ್ಟಳು.

"ಇನ್ನ ನಿಮ್ಮ ಕಂಡಿಕಿ ನೀವ ಸುತ್ತಿಕೋರಿ. ಪೂರ್ತಿ ಕಲ್ತವರು ನೀವು. ಮದುವಿ ದಿನ ಆ ಕೂಸು ಏನೂ ಇಲ್ಲದ ನಿಂತಾಗ, ಫೋನಿನಾಗ ಅವರವ್ವ ಕೇಳ್ತಾಳ, ನನ್ನ ಅರಿವಿ ಎಲ್ಲಿ ಅಂತ. ಸುಳ್ಳು ಅಂತ ಹೇಳ್ರಿ ಆಕಿಗಿ. ನಿಮಗ ಬರೂದು ಅದೊಂದ ಮಾತು."

ಅಂದಪ್ಪ ಅಂದು ಏನನ್ನೂ ಸುಳ್ಳು ಎನ್ನಲಿಲ್ಲ, ಮತ್ತು ಮನೆಯ ಇತಿಹಾಸದಲ್ಲಿ ಅದೊಂದು ಗಾಬರಿಯ ದಿನ. ಮರುದಿನ ಬೆಳಿಗ್ಗೆ ಹಂಪವ್ವ ಹಾಲಿಗೆ ಹೋಗಿ ಬರುವಷ್ಟರಲ್ಲಿ ಮನೆಯೊಳಗೆ ಕೆಂಪು ಧೂಳು ಎದ್ದಿತ್ತು. ಅವನು ಕೋಟು ತೊಟ್ಟುಕೊಂಡೇ ಗುದ್ದಲಿ ಹಿಡಿದು ಕುಣಿಯ ಬಲಬದಿಯನ್ನು ಅಗೆಯುತ್ತಿದ್ದ.

"ಏನ್ ಮಾಡಾಕತ್ತೀರಿ?"

"ಇಲಿ ಹೊಕ್ಕೈತಿ. ಹಿಡೀಬೇಕು."

ಇಲಿಯೇನು, ಹುಲಿ ಹೊಕ್ಕಿದ್ದರೂ ಅಷ್ಟು ಅಗೆಯಬೇಕಾಗಿರಲಿಲ್ಲ. ರೊಟ್ಟಿಯ ಮೇಲೆ ಮಣ್ಣು, ಸಾರಿನಲ್ಲಿ ಮಣ್ಣು. ದೇವರ ಜಗುಲಿಯ ಮೇಲೆ ಕೂತ ಹನುಮಪ್ಪನ ಕಣ್ಣಿನಲ್ಲೂ ಮಣ್ಣು. ಒಬ್ಬನ ಕುಣಿ ಇಬ್ಬರದಾಗುವಷ್ಟು ಅಗಲವಾಯಿತು. ಅವನು ಗುದ್ದಲಿ ಇಟ್ಟ, ಕೈ ತೊಳೆದ, ಕುಣಿಯ ಎಡಮೂಲೆಗೆ ಒತ್ತಿಕೊಂಡು ಕೂತ. ಗೋಡೆಗೆ ಅಂಟಿದ ಹಲ್ಲಿಯಂತೆ ಆ ಮೂಲೆಗೇ ಅಂಟಿ, ಬಲಗಡೆಯ ಅರ್ಧವನ್ನು ಕಾಣದವನಂತೆ ನಟಿಸುತ್ತ ಒಂದಷ್ಟು ಹೊತ್ತು ಎಳೆ ಒತ್ತುವ ಹಣಿಗೆ ಆಡಿಸಿದ. ಆಮೇಲೆ ಇದ್ದಕ್ಕಿದ್ದಂತೆ ರೇಗಿದ.

"ಏ ಹಂಪಿ! ಬಲಗಡೀ ಲಾಳಿ ಯಾರು ದಾಟಿಸಬೇಕು? ನಿಮ್ಮಪ್ಪ ಬರ್ತಾನೇನು ದೋಟಿಹಾಳದಿಂದ?"

"ನಮ್ಮಪ್ಪ ಬಂದಿದ್ರ ಶ್ರಾವಣದಾಗನ 'ಮುಗೀತು ತಗೋ ಅಳಿಯಾ' ಅಂತಿದ್ದ."

"ಮಾತು ಆಮ್ಯಾಲ ಆಡು. ಇಳಿ."

ಇಷ್ಟು ವರ್ಷಗಳಲ್ಲಿ ಅವಳು ಕಾಯುತ್ತಿದ್ದ ಕರೆ ಇದಾಗಿದ್ದರೆ, ಅದು ಬಂದ ರೀತಿ ಮಾತ್ರ ದನವನ್ನು ಕೆರೆಗೆ ಇಳಿಸಿದಂತಿತ್ತು. ಹಂಪವ್ವ ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿ ಇಳಿದಳು. ಇಳಿದವಳು ಮೊದಲು ಮಾಡಿದ್ದು ಅವನ ತೊಡೆಯ ಮೇಲಿನ ತನ್ನ ಕನ್ನಡಿಯನ್ನು ಕಿತ್ತುಕೊಂಡು ಹಣೆಯ ಕುಂಕುಮವನ್ನು ನಡುವಿಗೆ ತಂದದ್ದು.

ಇನ್ನೇನು, ದಾಂಪತ್ಯದ ಸೌಹಾರ್ದ ಅಲೆಅಲೆಯಾಗಿ ಹರಿಯಿತು ಎಂದು ಊಹಿಸುವವರು ಅಂದಪ್ಪನನ್ನು ಅರಿಯರು. ಆ ಇಬ್ಬರು ಬರ್ಮಾದ ಹೆಂಗಸರು ನಗುತ್ತ ದಾಟಿಸುತ್ತಿದ್ದ ಲಾಳಿಯನ್ನು ಇವರು ಕೋರ್ಟಿನಲ್ಲಿ ವಕೀಲರು ಪಾಟೀಸವಾಲು ಹಾಕುವಂತೆ ದಾಟಿಸುತ್ತಿದ್ದರು. "ಬಿಗಿ ಹಿಡಿ." "ನೀವು ಸಡ್ಲ ಬಿಡ್ರಿ." "ಅದು ಹಸಿರು." "ಅದು ಹಸಿರಂತ ನಾ ಹುಟ್ಟಿದಾಗಿಂದ ಗೊತ್ತೈತಿ." ಅವಳು ಒಲೆಯ ಕಡೆ ಹೋದಾಗ ಅವನು ಅವಳ ಅಲೆಯನ್ನು ಎರಡು ಸಾಲು ಬಿಚ್ಚುವನು, ಅವನು ಚಹಕ್ಕೆ ಹೋದಾಗ, ಅವನ ನಡಿಗೆ ಗೊತ್ತಿದ್ದುದರಿಂದ ನಿಧಾನವಾಗಿಯೇ, ಅವಳು ಅವನದನ್ನು ನಾಲ್ಕು ಸಾಲು ಬಿಚ್ಚುವಳು. ಆದರೂ ಬಟ್ಟೆ ಬೆಳೆಯಿತು. ಸಿಟ್ಟಿನಿಂದ ಕೈ ಓಡುವಷ್ಟು ಪ್ರೀತಿಯಿಂದ ಓಡುವುದಿಲ್ಲವೆಂದು ಕಾಣುತ್ತದೆ. ಮದುವೆ ಹತ್ತಿರ ಬಂದಂತೆ ಎಡಗಡೆ ಎದ್ದ ಅಲೆ ಬಲಗಡೆಗೂ ಅದೇ ರಭಸದಲ್ಲಿ ಹೋಗಿ ಹೊರಳತೊಡಗಿತು. ಇವನ ಸರಹದ್ದು ಮುಗಿದು ಅವಳದು ಶುರುವಾಗುವ ಜಾಗವನ್ನು ಖಿನ್ ಮ್ಯಾಳ ಬೆರಳೂ ಹುಡುಕಲಾರದೆ ಸೋತಿತು. ಈ ಸಲ ಅವಳು ಅಂದ "ಛಲೋ ಐತಿ" ಬೇರೆ ಇತ್ತು.

ಬೇಕಾದಷ್ಟು ಉದ್ದ ಆಯಿತು. ಇನ್ನು ಮಗ್ಗದಿಂದ ಕಡಿದು ಇಳಿಸುವುದೊಂದೇ ಬಾಕಿ. ಅರಿಷಿಣದ ಶಾಸ್ತ್ರಕ್ಕೆಂದು ಹಂಪವ್ವ ನಾದಿನಿಯ ಮನೆಗೆ ಹೋದಳು. ಬಂದು ನೋಡುತ್ತಾಳೆ: ಅಲೆಗಳು ಮುಗಿದ ಕಡೆ, ಒಂದೊಂದು ಎಳೆಗೂ ಕೊಂಡಿ ಹಾಕಿ, ಅಂದಪ್ಪ ಕೆಂಪು ರೇಷ್ಮೆಯ ಹೊಸ ಹಾಸನ್ನು ಸೇರಿಸಿಬಿಟ್ಟಿದ್ದಾನೆ, ಇಳಕಲ್ಲ ಸೀರೆಗೆ ಸೆರಗು ಸೇರಿಸುವ ಪ್ರಕಾರವೇ. ಆ ಕೆಂಪಿನ ಮೇಲೆ ಆಗಲೇ ಇಳಕಲ್ಲ ಸೆರಗಿನ ಗುರುತಾದ ಬಿಳಿಯ ತೋಪುತೆನೆಯ ಹಲ್ಲುಗಳು ಕಿಸಿಯತೊಡಗಿವೆ.

"ಅಯ್ಯ ಶಿವನೇ! ಏನ್ ಮಾಡಿದ್ರಿ ಇದು?"

"ಸೆರಗು."

"ಅದಕ್ಕ ಸೆರಗಿಲ್ರೀ! ಲುಂಗಿಗಿ ಯಾರರ ಸೆರಗು ಹಚ್ಚತಾರ? ಅವರವ್ವ ಕೇಳಿದ್ದು ಅಲಿ ಅಷ್ಟ!"

"ಸೆರಗಿಲ್ಲದ ಅರಿವಿ ಹೆಣಕ್ಕ ಹೊದಸ್ತಾರ, ಮದುಮಗಳಿಗಲ್ಲ. ಅಲ್ಲ, ಉಡಿ ಎದರಾಗ ತುಂಬತಿ? ಹೇಳು ನೋಡೂಣು."

ಹಂಪವ್ವ ತನ್ನದೇ ಸೆರಗನ್ನು ಹಿಡಿದು ನೋಡಿಕೊಂಡಳು. ಮದುಮಗಳ ಸೆರಗಿನ ಮಡಿಲಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು ಹಾಕಿ ಉಡಿ ತುಂಬದೆ ನಮ್ಮಲ್ಲಿ ಯಾವ ಹೆಣ್ಣೂ ಸೊಸೆಯಾಗುವುದಿಲ್ಲ. ಸೊಂಟಕ್ಕೆ ಥಮೇನ್, ಮೇಲೆ ಕುಪ್ಪಸ. ಆ ಹುಡುಗಿ ಒಡ್ಡುವುದಾದರೂ ಏನನ್ನು? ಇಷ್ಟು ಹೆಂಗಸರಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲ.

"ತಟ್ಟಿಯಾಗ ಹಾಕಿ ಕೈಯಾಗ ಕೊಡ್ತೀವಿ" ಎಂದಳು, ಸೋಲಬಾರದೆಂದು.

"ತಟ್ಟಿಯಾಗ ಕೊಟ್ರ ಅದು ಉಡಿ ಅಲ್ಲ, ದಾನ. ಬಾಗಿಲಿಗಿ ಬಂದಾಕಿಗಿ ಕೊಟ್ಟಂಗ. ಮನಿಯಾಕಿ ಆಗಬೇಕೋ ಬ್ಯಾಡೋ?"

"ಅಷ್ಟು ತಿಳಿದಿದ್ರ ಮೊದಲ ಹೇಳಬಾರದೇನ್ರಿ? ಮದುವಿ ನಾಡಿದ್ದು ಐತಿ!"

"ನೀವ್ಯಾರೂ ಕೇಳಲಿಲ್ಲ."

ಆ ಮಾತಿಗೆ ಹಂಪವ್ವ ಕೈಯಲ್ಲಿದ್ದ ಅರಿಷಿಣದ ಬಟ್ಟಲನ್ನು ಅವನ ಕೋಟಿನ ಮೇಲೆ ಸುರುವಿದಳೆಂದೂ, ಸುರುವಿಯೂ ಬಲಗಡೆಗೆ ಇಳಿದು ಸೆರಗಿನ ಲಾಳಿ ಹಿಡಿದಳೆಂದೂ ದ್ರಾಕ್ಷಾಯಿಣಿ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ.

ಬಟ್ಟೆ ಮಗ್ಗದಿಂದ ಇಳಿದದ್ದು ಮದುವೆಯ ದಿನವೇ, ಅತ್ತ ಬ್ಯಾಂಡಿನವರು ತಾಳ ಸರಿಮಾಡಿಕೊಳ್ಳುತ್ತಿರುವಾಗ. ಖಿನ್ ಮ್ಯಾ ಅದನ್ನು ಸುತ್ತಿಕೊಂಡು ಹೊರಗೆ ಬಂದಳು: ಸೊಂಟದಿಂದ ಅಡಿಯವರೆಗೆ ಅವಳ ತಾಯಿಯ ಅಲೆಗಳು, ಎಡಮಗ್ಗುಲಿನಲ್ಲಿ ಇಳಿಬಿದ್ದ ಕೆಂಪು ಸೆರಗು. ಅಕ್ಕಿಕಾಳು ಬಿದ್ದವು. ಕನಕರಾಜನ ಗೆಳೆಯನೊಬ್ಬ ಎತ್ತಿಹಿಡಿದ ಫೋನಿನಲ್ಲಿ ದೂರದ ತಾಯಿಯ ಮುಖ, ಸಿಗ್ನಲ್ಲಿನ ಮರ್ಜಿಯಂತೆ, ಹರಿದು ಕೂಡುತ್ತಿತ್ತು. ಆಮೇಲೆ ಓಣಿಯ ಹೆಂಗಸರು ಉಡಿಯಕ್ಕಿ ಹಿಡಿದು ಸಾಲುಗಟ್ಟಿದರು. ಹಂಪವ್ವ ಹುಡುಗಿಯ ಕೈಗೆ ಸೆರಗಿನ ಎರಡು ತುದಿ ಕೊಟ್ಟು ಒಡ್ಡಲು ಹೇಳಿದಳು. ಅಕ್ಕಿ ಬಿತ್ತು, ಕೊಬ್ಬರಿ ಬಿತ್ತು, ಉತ್ತತ್ತಿ, ಅಡಿಕೆ, ಬಾಳೆಹಣ್ಣು. ಮನೆಯಾಕೆ ಎಂದರು, ನಮ್ಮಾಕೆ ಎಂದರು, ಒಂದು ಗಂಗಾವತಿಯ ಗಿರಣಿ ತುಂಬುವಷ್ಟು ಸುರಿದರು. ಹುಡುಗಿ ಭಾರಕ್ಕೆ ಬಾಗಿ, ಫೋನಿನ ಕಡೆ ಮಡಿಲನ್ನು ಎತ್ತಿ ತೋರಿಸಿದಳು, ಅತ್ತಳು, ನಕ್ಕಳು. ಫೋನಿನೊಳಗಿನ ತಾಯಿ ಏನೋ ಅಂದಳು.

"ಏನಂತಾರ?" ಎಂದಳು ಹಂಪವ್ವ.

ಕನಕರಾಜ ಮಾವನ ಕಡೆ ನೋಡಿ, ಹೇಳಲೋ ಬೇಡವೋ ಎಂದು ತಡೆದು, ಹೇಳಿದ. "ಅವರ ಮುತ್ತಜ್ಜಿ ಕಾಲದಾಗ ಥಮೇನಿಗೆ ಹಿಂಗ ಒಂದು ತುದಿ ಉದ್ದಕ ಇಳಿಬಿಡ್ತಿದ್ರಂತ, ಅತ್ತೀ. ದೊಡ್ಡ ಸಮಾರಂಭಕ್ಕ. ಈಗ ಯಾರಿಗೂ ನೆನಪಿಲ್ಲಂತ. ಇವರಿಗೆ ಹೆಂಗ ಗೊತ್ತಾತು ಅಂತ ಕೇಳಾಕತ್ತಾರ."

ಅಂದಪ್ಪ ಆಗ ಎಲ್ಲಿದ್ದ? ಮದುಮಗಳ ಮಗ್ಗುಲಲ್ಲಿ, ಅರಿಷಿಣ ಹತ್ತಿದ ಕರಿಕೋಟಿನಲ್ಲಿ ಮೊಳಕಾಲೂರಿ ಕೂತು, ಅಕ್ಕಿಯ ಭಾರಕ್ಕೆ ಸೆರಗಿನ ಕೊಂಡಿ ಒಂದಾದರೂ ಬಿಚ್ಚಿದೆಯೇ ಎಂದು ಮೂಗು ತಾಗಿಸಿ ನೋಡುತ್ತಿದ್ದ. ಒಂದೂ ಬಿಚ್ಚಿರಲಿಲ್ಲ. ತಲೆಯೆತ್ತಿ, ಇಡೀ ಹಂದರಕ್ಕೆ ಕೇಳುವಂತೆ, "ಮುತ್ತಜ್ಜಿಗೆ ಗೊತ್ತಿತ್ತು. ನಡುವಿನ ಮಂದಿ ಕೆಡಿಸ್ಯಾರ" ಎಂದ. ಹಂಪವ್ವ ಕಾಲರಿನ ಹಿಂಬದಿ ಹಿಡಿದು ಎಬ್ಬಿಸಿಕೊಂಡು ಹೋದಳು.

ಮದುವೆಯ ಮರುದಿನವೇ ಅವನು ಕುಣಿಯ ಬಲಬದಿಯನ್ನು ಮುಚ್ಚುತ್ತೇನೆಂದು ಒಂದು ಬುಟ್ಟಿ ಮಣ್ಣು ತಂದ. ಹಂಪವ್ವ ಅಲ್ಲಿ ಕಾಲು ಇಳಿಬಿಟ್ಟು ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಬುಟ್ಟಿ ಇನ್ನೂ ಮಗ್ಗದ ಪಕ್ಕದಲ್ಲೇ ಇದೆ. ಅವನು ಸುರುವಿಲ್ಲ, ಅವಳು ಎದ್ದಿಲ್ಲ, ಬರುವ ಹೋಗುವ ಮಂದಿ ಮಾತ್ರ ಅದನ್ನು ಎಡವುತ್ತಿದ್ದಾರೆ.

ಇಂತಹವರು ಓಣಿಗೊಬ್ಬರು ಇದ್ದೇ ಇರುತ್ತಾರೆ. ತಪ್ಪು ದಾರಿಯಲ್ಲಿ ಹೊರಟು, ಎಲ್ಲರನ್ನೂ ಎಳೆದಾಡಿ, ಬಂಡಿಯ ಕೀಲು ಕಿತ್ತು, ಎತ್ತುಗಳಿಗೆ ಬುದ್ಧಿ ಹೇಳಿ, ಕಡೆಗೆ ಯಾವ ನ್ಯಾಯದಿಂದಲೋ ಸರಿಯಾದ ಊರನ್ನೇ ಮುಟ್ಟಿಬಿಡುವವರು. ಪೂರ್ತಿ ಕೆಟ್ಟವರನ್ನು ಬಿಟ್ಟುಬಿಡಬಹುದು, ಪೂರ್ತಿ ಒಳ್ಳೆಯವರಿಗೆ ಕೈಮುಗಿಯಬಹುದು, ಇವರನ್ನು ಏನು ಮಾಡುವುದೆಂದು ಯಾವ ಹಿರಿಯರೂ ಹೇಳಿಹೋಗಿಲ್ಲ. ಇವರ ಜೊತೆ ಬಾಳಿದವರಿಗೆ ಬದುಕಿನಲ್ಲಿ ಬೇರೆಲ್ಲ ಸುಖ ಸಿಕ್ಕೀತು, ಕ್ಷಮಿಸುವ ಸುಖವೊಂದು ಸಿಗುವುದಿಲ್ಲ. ಕ್ಷಮಿಸಬೇಕಾದರೆ ಅವರು ಒಂದೇ ಒಂದು ಸಲವಾದರೂ ಕಡೆಯವರೆಗೆ ತಪ್ಪಾಗಿ ಉಳಿಯಬೇಕಲ್ಲ, ಅಷ್ಟು ಉಪಕಾರವನ್ನೂ ಅವರು ಮಾಡುವುದಿಲ್ಲ.